ಕಣ್ಣಿಗೂ ವಯಸ್ಸುಂಟು, ನೆನಪಿನ ಬಣ್ಣಕ್ಕೂ

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಎರಡೂ ಕಣ್ಣುಗಳಿಗೆ ಒಂದೇ ದಿನ ಮಾಡುವುದಿಲ್ಲ. ಮೊದಲನೆಯ ಕಣ್ಣು ಚೆನ್ನಾಗಿ ಮಾಯ್ದಿದೆ ಎಂದು ಖಚಿತಪಡಿಸಿಕೊಂಡು, ಕೆಲವು ವಾರ ಕಳೆದ ಮೇಲೆ ಎರಡನೆಯದನ್ನು ಕೈಗೆತ್ತಿಕೊಳ್ಳುತ್ತೇವೆ. ಈ ನಡುವಿನ ವಾರಗಳಲ್ಲಿ ರೋಗಿಗೆ ತನ್ನ ಆಯುಷ್ಯದಲ್ಲಿ ಇನ್ನೊಮ್ಮೆ ಒದಗಲಾರದ ಒಂದು ಹೋಲಿಕೆ ಸಾಧ್ಯವಾಗುತ್ತದೆ. ಪೊರೆಯಿರುವ ಕಣ್ಣನ್ನು ಮುಚ್ಚಿ ಬಿಳಿಯ ಗೋಡೆಯನ್ನು ನೋಡಿದರೆ ಅದು ನೀಲಿ ಬೆರೆತ ಅಚ್ಚಬಿಳುಪು. ಇನ್ನೊಂದನ್ನು ಮುಚ್ಚಿ ನೋಡಿದರೆ ಅದೇ ಗೋಡೆ ಹಳೆಯ ಕಾಗದದಂತೆ ಹಳದಿಗಂದು. ಗೋಡೆ ಒಂದೇ, ನೋಡುವವರೂ ಒಬ್ಬರೇ; ಎರಡು ನೋಟಗಳ ನಡುವೆ ಇರುವುದು ನಲವತ್ತೈವತ್ತು ವರ್ಷಗಳ ಅಂತರ.

ಈ ಹೋಲಿಕೆಯ ಬೆಲೆಯನ್ನು ನನಗೆ ತಿಳಿಸಿಕೊಟ್ಟವರು ಕೆಲವು ವರ್ಷಗಳ ಹಿಂದೆ ಚಿಕಿತ್ಸೆಗೆ ಬಂದಿದ್ದ, ಎಪ್ಪತ್ತೆರಡು ದಾಟಿದ್ದ ಒಬ್ಬ ನಿವೃತ್ತ ಅಧ್ಯಾಪಕರು. ಅವರಿಗೆ ಹತ್ತೊಂಬತ್ತನೆಯ ವಯಸ್ಸಿನಿಂದಲೂ ದಿನಚರಿ ಬರೆಯುವ ಅಭ್ಯಾಸವಿತ್ತು. ಓದುವ ದಿನಗಳಲ್ಲಿ ನೇರಳೆ ಶಾಯಿ, ಕೆಲಸಕ್ಕೆ ಸೇರಿದ ಮೇಲೆ ನೀಲಿ, ಮುಂದೆ ಯಾವುದೋ ಒಂದು ವರ್ಷದಿಂದ ಕಪ್ಪು, ಹೀಗೆ ಶಾಯಿಯ ಬಣ್ಣದಿಂದಲೇ ಅವರು ತಮ್ಮ ಬದುಕಿನ ಕಾಲಗಳನ್ನು ಗುರುತಿಟ್ಟುಕೊಂಡಿದ್ದರು. ಮೊದಲ ಸಲ ಬಂದಾಗ ಅವರನ್ನು ಕಾಡುತ್ತಿದ್ದದ್ದು ಓದುವ ಕಷ್ಟಕ್ಕಿಂತ ಬೇರೆಯೇ ಆದ ಒಂದು ಅಂಜಿಕೆ. “ಡಾಕ್ಟರೇ, ನನ್ನ ನೆನಪು ಕೆಡುತ್ತಿದೆಯೇನೋ ಅನ್ನಿಸುತ್ತಿದೆ. ನೇರಳೆಯಲ್ಲಿ ಬರೆದದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ತೆಗೆದು ನೋಡಿದರೆ ಎಲ್ಲ ಪುಸ್ತಕವೂ ಕಪ್ಪೇ” ಎಂದಿದ್ದರು. ಮನೆಯವರು ಇದನ್ನು ಮರೆವಿನ ಮೊದಲ ಲಕ್ಷಣವೆಂದು ತಿಳಿದು ಗಾಬರಿಯಾಗಿದ್ದರು. ಮೊದಲ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಎಂಟನೆಯ ದಿನ ತಪಾಸಣೆಗೆ ಬಂದಾಗ ಅವರ ಕೈಯಲ್ಲಿ ಮೂರು ದಿನಚರಿಗಳಿದ್ದವು. ನನ್ನ ಮೇಜಿನ ಮೇಲೆ ಅವನ್ನು ತೆರೆದಿಟ್ಟು, ಒಮ್ಮೆ ಎಡಗಣ್ಣು ಒಮ್ಮೆ ಬಲಗಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ನೇರಳೆ ನೇರಳೆಯಾಗಿಯೇ ಇತ್ತು. ಅವರ ನೆನಪಿಗೆ ಏನೂ ಆಗಿರಲಿಲ್ಲ.

ವ್ಯಕ್ತಿಯ ನೆನಪುಗಳನ್ನೂ ಬದುಕಿನ ಹಂತಗಳನ್ನೂ ಬಣ್ಣಗಳು ಹೇಗೆ ಪ್ರತಿಬಿಂಬಿಸುತ್ತವೆ ಎಂಬ ಪ್ರಶ್ನೆಗೆ ಮನಸ್ಸಿನ ಕಡೆಯಿಂದ ಉತ್ತರ ಹುಡುಕುವವರು ಹಲವರಿದ್ದಾರೆ. ಕಣ್ಣಿನ ವೈದ್ಯೆಯಾಗಿ ನಾನು ಹೇಳಬಯಸುವುದು ಅದಕ್ಕಿಂತ ಸ್ವಲ್ಪ ಕೆಳಗಿನ ಮೆಟ್ಟಿಲಿನ ವಿಷಯ. ನೆನಪಿನಲ್ಲಿರುವ ಬಣ್ಣವನ್ನು ಮೂರು ಸಂಗತಿಗಳು ಸೇರಿ ರೂಪಿಸುತ್ತವೆ: ಅಂದು ನೋಡಿದ ಕಣ್ಣು, ಆ ಬಣ್ಣಕ್ಕೆ ನಾವು ಕಲಿತ ಹೆಸರು, ಮತ್ತು ಇಂದು ಅದನ್ನು ಹೋಲಿಸಿ ನೋಡುತ್ತಿರುವ ಕಣ್ಣು. ಈ ಮೂರರಲ್ಲಿ ಯಾವುದೂ ಆಯುಷ್ಯವಿಡೀ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ.

ಮೊದಲು ಕಣ್ಣಿನ ಮಸೂರದ ಮಾತು, ಪೊರೆ ಬರುವುದು ಇದಕ್ಕೇ. ಪಾಪೆಯ ಹಿಂದಿರುವ ಈ ಪಾರದರ್ಶಕ ಅಂಗ ದೇಹದ ಎಷ್ಟೋ ಭಾಗಗಳಂತೆ ಹಳೆಯ ಕೋಶಗಳನ್ನು ಕಳಚಿ ಹೊಸದನ್ನು ತುಂಬಿಕೊಳ್ಳುವುದಿಲ್ಲ. ಚರ್ಮ ಉದುರುತ್ತದೆ, ರಕ್ತಕಣಗಳು ಬದಲಾಗುತ್ತವೆ. ಮಸೂರ ಮಾತ್ರ ಹಳೆಯ ನಾರುಗಳ ಮೇಲೆಯೇ ಹೊಸ ನಾರುಗಳನ್ನು ಸುತ್ತಿಕೊಳ್ಳುತ್ತಾ ಮರದ ಕಾಂಡದಂತೆ ಬೆಳೆಯುತ್ತದೆ. ಅದರ ನಟ್ಟನಡುವಿನ ನಾರುಗಳು ನಾವು ತಾಯಿಯ ಗರ್ಭದಲ್ಲಿದ್ದಾಗ ರೂಪುಗೊಂಡವು, ಅವುಗಳಲ್ಲಿರುವ ಪ್ರೋಟೀನು ಮತ್ತೆಂದೂ ಬದಲಾಗುವುದಿಲ್ಲ. ಈ ಪ್ರೋಟೀನಿನಲ್ಲಿರುವ ಇಂಗಾಲವನ್ನು ಪರೀಕ್ಷಿಸಿ ವ್ಯಕ್ತಿ ಹುಟ್ಟಿದ ಕಾಲವನ್ನು ಅಂದಾಜು ಮಾಡಬಹುದೆಂದು 2008ರಲ್ಲಿ ಸಂಶೋಧಕರು ತೋರಿಸಿದರು. ಎಂದರೆ ಶೈಶವ, ಬಾಲ್ಯ, ಯೌವನ, ನಡುವಯಸ್ಸು ಎಲ್ಲವೂ ಪದರಪದರವಾಗಿ ಮಸೂರದಲ್ಲಿ ಕೂತಿರುತ್ತವೆ, ಹೊರಗಿನ ಬೆಳಕು ಆ ಪದರಗಳನ್ನೆಲ್ಲ ದಾಟಿಯೇ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಅಕ್ಷಿಪಟವನ್ನು ಮುಟ್ಟಬೇಕು. ಶಸ್ತ್ರಚಿಕಿತ್ಸೆಯಲ್ಲಿ ಮುಪ್ಪಾದ ಮಸೂರವನ್ನು ಹೊರತೆಗೆಯುವಾಗ ಈ ಸಂಗತಿ ಇಂದಿಗೂ ನನ್ನ ಮನಸ್ಸಿನಲ್ಲಿ ಹಾದುಹೋಗುತ್ತದೆ.

ವರ್ಷ ಕಳೆದಂತೆ ಆ ಪ್ರೋಟೀನುಗಳು ಹಳದಿಯಾಗುತ್ತವೆ, ಮುಂದೆ ಕಂದು ಬಣ್ಣಕ್ಕೂ ತಿರುಗಬಹುದು. ಹಳದಿ ಗಾಜು ನೀಲಿಯನ್ನು ತಡೆಯುವಂತೆ ಹಳದಿ ಮಸೂರವೂ ನೇರಳೆ ಮತ್ತು ನೀಲಿಯ ಕಿರುತರಂಗಗಳನ್ನು ತಡೆಹಿಡಿಯುತ್ತದೆ. ಜೊತೆಗೆ ವಯಸ್ಸಿನೊಂದಿಗೆ ಪಾಪೆಯೂ ಕಿರಿದಾಗುತ್ತದೆ. ಇವೆರಡೂ ಸೇರಿ, ಇಪ್ಪತ್ತು ವರ್ಷದವರ ಅಕ್ಷಿಪಟಕ್ಕೆ ತಲುಪುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ ಅರವತ್ತರವರಿಗೆ ತಲುಪುತ್ತದೆಂಬ ಅಂದಾಜಿದೆ. ನೀಲಿಯ ಪಾಲಿಗೆ ಇನ್ನೊಂದು ಕೊರತೆಯೂ ಇದೆ. ಬಣ್ಣ ಗುರುತಿಸುವ ಸುಮಾರು 60 ಲಕ್ಷ ಶಂಕು ಕೋಶಗಳು ಒಂದು ಕಣ್ಣಿನಲ್ಲಿವೆ; ಅವುಗಳಲ್ಲಿ ಕಿರುತರಂಗಗಳಿಗೆ, ಎಂದರೆ ನೀಲಿ ನೇರಳೆಗಳಿಗೆ ಸ್ಪಂದಿಸುವವು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಹೀಗಾಗಿ ಮುಪ್ಪಿನಲ್ಲಿ ಮೊದಲು ಕೈಬಿಡುವುದು ನೀಲಿಯ ಕುಟುಂಬ: ಕಡುನೀಲಿ ಕಪ್ಪಾಗುತ್ತದೆ, ನೇರಳೆ ಕಂದಾಗುತ್ತದೆ, ಹಸಿರಿಗೂ ನೀಲಿಗೂ ನಡುವಿನ ಬಣ್ಣಗಳು ಒಂದರೊಳಗೊಂದು ಕಲೆಯುತ್ತವೆ. ಮಂಕು ಬೆಳಕಿನಲ್ಲಿ ಕಪ್ಪು ಕಾಲುಚೀಲಕ್ಕೆ ಕಡುನೀಲಿಯದನ್ನು ಜೊತೆ ಮಾಡಿಕೊಂಡು ಬರುವ ಹಿರಿಯರನ್ನು ನಾನು ಎಷ್ಟೋ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರ ಬುದ್ಧಿ ಚುರುಕಾಗಿಯೇ ಇರುತ್ತದೆ.

ಇಷ್ಟೆಲ್ಲ ಬದಲಾದರೂ ನಮಗೆ ಅದರ ಅರಿವೇ ಆಗುವುದಿಲ್ಲ ಎಂಬುದೇ ಇದರಲ್ಲಿ ಅತ್ಯಂತ ಸ್ವಾರಸ್ಯದ ಭಾಗ. ಮಿದುಳು ಬಿಳಿಯನ್ನು ಬಿಳಿಯಾಗಿಯೇ ಉಳಿಸಿಕೊಳ್ಳಲು ನಿರಂತರವಾಗಿ ಲೆಕ್ಕ ಸರಿಪಡಿಸುತ್ತಿರುತ್ತದೆ. ಬೆಳಗಿನ ಬಿಸಿಲಿನಲ್ಲಿಯೂ ದೀಪದ ಬೆಳಕಿನಲ್ಲಿಯೂ ಕಾಗದ ನಮಗೆ ಬಿಳಿಯಾಗಿ ಕಾಣುವುದು ಈ ಗುಣದಿಂದಲೇ. ಅದೇ ಗುಣ ದಶಕಗಳ ಉದ್ದಕ್ಕೂ ನಿಧಾನವಾಗಿ ಕೆಲಸ ಮಾಡುತ್ತದೆ. ಮಸೂರ ದಿನಕ್ಕೆ ಎಳ್ಳಷ್ಟು ಹಳದಿಯಾದರೆ ಮಿದುಳು ಎಳ್ಳಷ್ಟೇ ಹೊಂದಿಕೊಳ್ಳುತ್ತದೆ. ಬೇರೆ ಬೇರೆ ವಯಸ್ಸಿನವರಿಗೆ ಯಾವ ಬೆಳಕು ಬಣ್ಣವಿಲ್ಲದ ಬಿಳಿಯಾಗಿ ಕಾಣುತ್ತದೆ ಎಂದು ಅಳೆದು ನೋಡಿದಾಗ, ಅವರ ಮಸೂರಗಳಲ್ಲಿ ಅಷ್ಟೊಂದು ವ್ಯತ್ಯಾಸವಿದ್ದರೂ ಉತ್ತರದಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಆದರೆ ಬಿಳಿಯನ್ನು ಸರಿಪಡಿಸಿಕೊಂಡ ಮಾತ್ರಕ್ಕೆ ಒಳಗೇ ಬರದ ನೇರಳೆಯನ್ನು ಮಿದುಳು ಸೃಷ್ಟಿಸಿಕೊಡಲಾರದು. ಅಧ್ಯಾಪಕರ ಕಾಗದ ಅವರಿಗೆ ಬಿಳಿಯಾಗಿಯೇ ಕಂಡಿತು, ಅದರ ಮೇಲಿನ ಶಾಯಿ ಮಾತ್ರ ಕಪ್ಪಾಯಿತು. ಲೋಕವೆಲ್ಲ ಹಳದಿಯಾಗಿ ಕಂಡಿದ್ದರೆ ಅವರು ಕಣ್ಣನ್ನು ಸಂಶಯಿಸುತ್ತಿದ್ದರು. ಹಾಗೆ ಕಾಣದ್ದರಿಂದ ನೆನಪನ್ನು ಸಂಶಯಿಸಿದರು.

ಶಸ್ತ್ರಚಿಕಿತ್ಸೆಯ ನಂತರ ಈ ಲೆಕ್ಕ ತಿರುಗುಮುರುಗಾಗುತ್ತದೆ. ಹಳದಿ ತೆರೆ ಒಮ್ಮೆಲೇ ಸರಿದುಹೋಗುತ್ತದೆ, ಆದರೆ ಮಿದುಳು ಇನ್ನೂ ಹಳೆಯ ಹಳದಿಯನ್ನೇ ಕಳೆದು ನೋಡುತ್ತಿರುತ್ತದೆ. ಆದ್ದರಿಂದ ಮೊದಲ ದಿನಗಳಲ್ಲಿ ಎಲ್ಲವೂ ನೀಲಿಯಾಗಿ ಹೊಳೆಯುತ್ತದೆ. ಅಳತೆ ಮಾಡಿ ನೋಡಿದವರು ಹೇಳುವಂತೆ, ಈ ನೀಲಿ ಇಳಿದು ಬಿಳಿ ಮತ್ತೆ ತನ್ನ ಸ್ಥಾನಕ್ಕೆ ಬರಲು ತಿಂಗಳುಗಳೇ ಬೇಕಾಗುತ್ತವೆ. ಆ ಬಳಿಕ ರೋಗಿಗೆ ಹೊಸ ಬಣ್ಣಗಳೂ ಹಳೆಯವೇ ಆಗಿಬಿಡುತ್ತವೆ, ಮೊದಲ ವಾರದ ಬೆರಗು ಅವರಿಗೇ ನೆನಪಿರುವುದಿಲ್ಲ.

ಚಿತ್ರಕಾರ ಕ್ಲೋದ್ ಮೋನೆ ಅವರ ಪ್ರಸಂಗವನ್ನು ನಾವು ಕಣ್ಣಿನ ವೈದ್ಯರು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವುದು ಇದಕ್ಕಾಗಿ. 1912ರಲ್ಲಿ ಅವರ ಎರಡೂ ಕಣ್ಣುಗಳಲ್ಲಿ ಪೊರೆಯಿರುವುದು ಪತ್ತೆಯಾಯಿತು. ಮುಂದಿನ ವರ್ಷಗಳ ಹಲವು ಚಿತ್ರಗಳಲ್ಲಿ ಕೆಂಪು, ಕಂದು, ಕಿತ್ತಳೆಗಳು ದಟ್ಟವಾದವು. ಬಣ್ಣದ ಕೊಳವೆಗಳ ಮೇಲಿನ ಹೆಸರನ್ನೂ ತಟ್ಟೆಯಲ್ಲಿ ಬಣ್ಣಗಳನ್ನು ಇಟ್ಟ ಕ್ರಮವನ್ನೂ ನಂಬಿ ಅವರು ಚಿತ್ರ ಬರೆಯಬೇಕಾಯಿತು. 1923ರಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಎಲ್ಲವೂ ಅತಿಯಾಗಿ ನೀಲಿ ಕಂಡಿತೆಂದು ಅವರು ಬೇಸರಪಟ್ಟರು, ಬಣ್ಣದ ಗಾಜಿನ ಕನ್ನಡಕಗಳನ್ನು ಪ್ರಯತ್ನಿಸಿದರು, ಹಳೆಯ ಕೆಲವು ಚಿತ್ರಗಳನ್ನು ತಿದ್ದಿದರು, ಕೆಲವನ್ನು ನಾಶಮಾಡಿದರು. ಅರ್ಧ ಶತಮಾನಕ್ಕೂ ಮಿಕ್ಕಿ ಬಣ್ಣವನ್ನೇ ನೋಡುತ್ತಾ ಬಂದ ಅಂತಹವರಿಗೂ ತನ್ನ ಯಾವ ಕಾಲದ ಕಣ್ಣನ್ನು ನಂಬಬೇಕೆಂಬುದು ಸುಲಭವಾಗಿ ತೀರ್ಮಾನವಾಗುವ ಮಾತಾಗಿರಲಿಲ್ಲ.

ಈಗ ಆಯುಷ್ಯದ ಇನ್ನೊಂದು ತುದಿಗೆ ಬರೋಣ. ಹುಟ್ಟಿದ ಮಗುವಿನ ಶಂಕು ಕೋಶಗಳು ಬಲಿತಿರುವುದಿಲ್ಲ. ಅದು ಕಾಣುವ ಲೋಕ ಮಸುಕು, ಬಣ್ಣ ಬಹಳ ಕಡಿಮೆ. ಎರಡು ತಿಂಗಳ ಹೊತ್ತಿಗೆ ಕೆಂಪು ಹಸಿರುಗಳ ಭೇದ ತಿಳಿಯಲು ತೊಡಗುತ್ತದೆ, ನೀಲಿ ಹಳದಿಗಳ ಭೇದ ತುಸು ತಡವಾಗಿ ಬರುತ್ತದೆ, ನಾಲ್ಕು ತಿಂಗಳಿನ ವೇಳೆಗೆ ಮೂರೂ ಬಗೆಯ ಶಂಕು ಕೋಶಗಳು ಕೆಲಸಕ್ಕೆ ತೊಡಗಿರುತ್ತವೆ. ಈ ಆರಂಭದ ಬಡತನಕ್ಕೂ ಒಂದು ಪ್ರಯೋಜನವಿದೆ ಎಂಬುದನ್ನು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸೂಚಿಸಿತು. ಹುಟ್ಟುವಾಗಲೇ ಪೊರೆಯಿದ್ದು, ವರ್ಷಗಳು ಕಳೆದ ಮೇಲೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಮಕ್ಕಳಿಗೆ ಬಣ್ಣದ ಚಿತ್ರಗಳಲ್ಲಿ ವಸ್ತುಗಳನ್ನು ಗುರುತಿಸುವುದು ಸುಲಭವಾಗಿತ್ತು, ಕಪ್ಪುಬಿಳುಪಿನಲ್ಲಿ ಬಹಳ ಕಷ್ಟವಾಗುತ್ತಿತ್ತು. ನಮಗೆಲ್ಲ ಮೊದಲ ವಾರಗಳಲ್ಲಿ ಬಣ್ಣ ಸರಿಯಾಗಿ ಕಾಣದ್ದರಿಂದಲೇ ನೆರಳು ಬೆಳಕಿನಿಂದ ಆಕಾರವನ್ನು ಹಿಡಿಯುವ ಪಾಠ ಮೊದಲು ಕೂಡಿಬರುತ್ತದೆ, ಬಣ್ಣವಿಲ್ಲದ ಛಾಯಾಚಿತ್ರದಲ್ಲಿಯೂ ತಾಯಿಯ ಮುಖ ತಾಯಿಯ ಮುಖವೇ ಆಗಿರುತ್ತದೆ ಎಂಬುದು ಆ ಸಂಶೋಧಕರ ವಾದದ ತಿರುಳು. ನನಗೆ ಈ ವಾದ ತುಂಬಾ ಒಪ್ಪಿಗೆಯಾಗುತ್ತದೆ.

ಮಗು ಬಣ್ಣವನ್ನು ನೋಡುವುದಕ್ಕೂ ಹೆಸರಿಸುವುದಕ್ಕೂ ನಡುವೆ ವರ್ಷಗಳ ದೂರವಿದೆ. ನಾಲ್ಕು ತಿಂಗಳಿಗೇ ಕಂಡ ಕೆಂಪನ್ನು ತಪ್ಪಿಲ್ಲದೆ ಕೆಂಪೆಂದು ಕರೆಯಲು ಮೂರು, ಕೆಲವೊಮ್ಮೆ ನಾಲ್ಕು ವರ್ಷ ಬೇಕಾಗುತ್ತದೆ. ಚಾರ್ಲ್ಸ್ ಡಾರ್ವಿನ್ ತಮ್ಮ ಮಕ್ಕಳು ಬಣ್ಣದ ಹೆಸರುಗಳನ್ನು ಅದಲುಬದಲು ಮಾಡುವುದನ್ನು ಕಂಡು ಅವರಿಗೆ ವರ್ಣಾಂಧತೆ ಇರಬಹುದೇ ಎಂದು ಶಂಕಿಸಿದ್ದರು. ಆ ಶಂಕೆ ನಿಜವಾಗಲಿಲ್ಲ. ಹೆಸರು ಬಂದ ಮೇಲೆ ಅದು ನೆನಪನ್ನು ತನ್ನ ಕಡೆಗೆ ಎಳೆಯುತ್ತದೆ. ಹಸಿರು ನೀಲಿಗಳ ಗಡಿಯಲ್ಲಿರುವ ಒಂದು ಬಣ್ಣವನ್ನು ತೋರಿಸಿ, ಸ್ವಲ್ಪ ಸಮಯದ ನಂತರ ಅದನ್ನೇ ಆರಿಸಲು ಹೇಳಿದರೆ, ನಾವು ಕಂಡದ್ದಕ್ಕಿಂತ ಅಚ್ಚ ಹಸಿರಿಗೋ ಅಚ್ಚ ನೀಲಿಗೋ ಸರಿದ ಬಣ್ಣವನ್ನು ಆರಿಸುತ್ತೇವೆ. ಅದೇ ಕಾರಣಕ್ಕೆ ಅಣ್ಣನಿಗೆ ಹಸಿರಾಗಿ ನೆನಪಿರುವ ಬಾಗಿಲು ತಂಗಿಗೆ ನೀಲಿಯಾಗಿ ನೆನಪಿರುತ್ತದೆ. ಅವರಿಬ್ಬರೂ ಒಂದೇ ಬಾಗಿಲನ್ನು ನೋಡಿ ಎರಡು ಹೆಸರುಗಳಡಿ ಇಟ್ಟುಕೊಂಡವರು. ಯಾರು ಸರಿ ಎಂಬ ವಾಗ್ವಾದದಿಂದ ಪ್ರಯೋಜನವಿಲ್ಲ.

ಹೆಸರನ್ನು ಹಿಡಿದೇ ಬಾಲ್ಯ ಕಳೆದವರೂ ಇದ್ದಾರೆ. ಉದ್ಯೋಗಕ್ಕೆ ಬೇಕಾದ ವೈದ್ಯಕೀಯ ಪರೀಕ್ಷೆಗೆಂದು ಬಂದಿದ್ದ ಇಪ್ಪತ್ತೊಂದರ ಒಬ್ಬ ಯುವಕನಿಗೆ ಕೆಂಪು ಹಸಿರುಗಳ ಭೇದದಲ್ಲಿ ಕೊರತೆಯಿರುವುದು ಆ ದಿನವೇ ಗೊತ್ತಾಯಿತು. ಈ ಕೊರತೆಯ ಜೀನುಗಳು ಪುರುಷರಲ್ಲಿ ಒಂದೇ ಇರುವ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಇದು ಪುರುಷರಲ್ಲಿ ಹೆಚ್ಚು. ಯುರೋಪಿಯನ್ ಮೂಲದ ಜನರಲ್ಲಿ ಸುಮಾರು ಹನ್ನೆರಡು ಪುರುಷರಿಗೆ ಒಬ್ಬರಂತೆ, ಇನ್ನೂರು ಮಹಿಳೆಯರಿಗೆ ಒಬ್ಬರಂತೆ ಕಂಡುಬರುತ್ತದೆ. ಅಂಕಿಗಳನ್ನು ಅಡಗಿಸಿಟ್ಟ ಚುಕ್ಕಿಗಳ ಪಟವನ್ನು ಕೆಳಗಿಟ್ಟು ಆತ ಕೇಳಿದ ಮೊದಲ ಪ್ರಶ್ನೆ ಉದ್ಯೋಗದ ಬಗ್ಗೆ ಇರಲಿಲ್ಲ. “ಹಾಗಾದರೆ ಮರದ ಕಾಂಡಕ್ಕೆ ಹಸಿರು ಬಳಿದಿದ್ದೀಯ ಎಂದು ಶಾಲೆಯಲ್ಲಿ ಬೈಸಿಕೊಂಡದ್ದು ಇದಕ್ಕೇನಾ ಮೇಡಂ?” ಎಂದು ಕೇಳಿದ. ಇದಕ್ಕೇ ಎಂದೆ. ಕಂದು ಮತ್ತು ಹಸಿರು ಇಂತಹವರಿಗೆ ಒಂದನ್ನೊಂದು ಹೋಲುತ್ತವೆ. ಶಾಲೆಯಲ್ಲಿ ಬೈಸಿಕೊಂಡ ದಿನದಿಂದ ಆತ ಬಣ್ಣದ ಪೆನ್ಸಿಲುಗಳನ್ನು ಅವುಗಳ ಮೇಲಿನ ಅಕ್ಷರ ಓದಿಯೇ ಎತ್ತಿಕೊಳ್ಳುತ್ತಿದ್ದನಂತೆ, ತಾನು ಗಮನವಿಲ್ಲದ ಹುಡುಗ ಎಂದು ನಂಬಿಯೇ ಬೆಳೆದನಂತೆ. ಹದಿನೈದು ವರ್ಷ ಹಳೆಯ ಒಂದು ಅವಮಾನದ ಅರ್ಥ ಅರ್ಧ ಗಂಟೆಯಲ್ಲಿ ಬದಲಾಗುವುದನ್ನು ನಾನು ಕಣ್ಣಾರೆ ಕಂಡೆ. ಶಾಲೆಗೆ ಸೇರುವ ವಯಸ್ಸಿನಲ್ಲೇ ಪ್ರತಿಯೊಂದು ಮಗುವಿಗೂ ಈ ಪಟವನ್ನು ತೋರಿಸಬೇಕೆಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ. ಅದಕ್ಕೆ ಬೇಕಾಗುವುದು ಹೆಚ್ಚೆಂದರೆ ಐದು ನಿಮಿಷ.

ತನ್ನ ಕಣ್ಣಿನ ಈ ಕೊರತೆಯನ್ನು ತಾನೇ ಕಂಡುಕೊಂಡು 1794ರಲ್ಲಿ ವಿವರವಾಗಿ ಮಂಡಿಸಿದವರು ರಸಾಯನವಿಜ್ಞಾನಿ ಜಾನ್ ಡಾಲ್ಟನ್. ಕಣ್ಣಿನೊಳಗಿನ ದ್ರವ ನೀಲಿಯಾಗಿರುವುದೇ ಕಾರಣವೆಂದು ಅವರು ತರ್ಕಿಸಿದ್ದರು, ತಮ್ಮ ಮರಣಾನಂತರ ಕಣ್ಣುಗಳನ್ನು ಪರೀಕ್ಷಿಸಬೇಕೆಂದೂ ಹೇಳಿದ್ದರು. 1844ರಲ್ಲಿ ಅವರು ತೀರಿಕೊಂಡಾಗ ನೋಡಿದರೆ ದ್ರವ ತಿಳಿಯಾಗಿತ್ತು. ಕಾಪಾಡಿಟ್ಟಿದ್ದ ಕಣ್ಣಿನ ಅಂಶದಿಂದ 1995ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ, ನಡುತರಂಗಗಳನ್ನು, ಎಂದರೆ ಹಸಿರಿನ ಭಾಗದ ಬೆಳಕನ್ನು ಹಿಡಿಯುವ ವರ್ಣದ್ರವ್ಯ ಅವರಿಗೆ ಇರಲಿಲ್ಲವೆಂಬುದು ಖಚಿತವಾಯಿತು.

ಬಣ್ಣದ ಸೂಕ್ಷ್ಮ ಛಾಯೆಗಳನ್ನು ಬೇರ್ಪಡಿಸುವ ಶಕ್ತಿ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ ತುತ್ತತುದಿಗೆ ಏರುತ್ತದೆ. ಇದನ್ನು ಅಳೆಯಲು ನಾವು ಫಾರ್ನ್ಸ್‌ವರ್ತ್ ಮನ್ಸೆಲ್ ಪರೀಕ್ಷೆಯನ್ನು ಬಳಸುತ್ತೇವೆ: ಹೆಸರಿನಲ್ಲಿ ನೂರು ಬಣ್ಣಗಳಿದ್ದರೂ ಪೆಟ್ಟಿಗೆಯಲ್ಲಿರುವುದು 85 ಬಿಲ್ಲೆಗಳು, ಅವನ್ನು ಛಾಯೆಯ ಕ್ರಮದಲ್ಲಿ ಜೋಡಿಸಬೇಕು. ಚಿಕ್ಕ ಮಕ್ಕಳು ಹೆಚ್ಚು ತಪ್ಪು ಮಾಡುತ್ತಾರೆ, ಇಪ್ಪತ್ತರ ಹೊತ್ತಿಗೆ ತಪ್ಪು ಅತಿ ಕಡಿಮೆ, ಆಮೇಲೆ ದಶಕದಿಂದ ದಶಕಕ್ಕೆ ಮೆಲ್ಲನೆ ಹೆಚ್ಚುತ್ತದೆ. ಇನ್ನೊಂದು ಕಡೆ, ನೆನಪಿನ ಅಧ್ಯಯನ ಮಾಡುವವರು ಬಹಳ ಹಿಂದಿನಿಂದಲೂ ಗಮನಿಸಿರುವ ಸಂಗತಿಯೊಂದಿದೆ: ಮುಪ್ಪಿನಲ್ಲಿ ತಮ್ಮ ಬದುಕನ್ನು ನೆನೆದು ಹೇಳಲು ಕೇಳಿದರೆ ಜನ ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ಘಟನೆಗಳನ್ನು ಉಳಿದ ವಯಸ್ಸಿನವುಗಳಿಗಿಂತ ಹೆಚ್ಚಾಗಿ ಹೇಳುತ್ತಾರೆ. ಮೊದಲ ಕೆಲಸ, ಮೊದಲ ಪ್ರೀತಿ, ಮನೆ ಬಿಟ್ಟು ಹೊರಟ ದಿನ, ಇವೆಲ್ಲ ಅಲ್ಲಿಯೇ ಬರುತ್ತವೆ. ಎರಡಕ್ಕೂ ಕಾರಣಗಳು ಬೇರೆ ಬೇರೆ. ಒಂದರಿಂದ ಇನ್ನೊಂದು ಆಯಿತೆಂದು ಹೇಳುವುದು ತಪ್ಪಾಗುತ್ತದೆ. ಆದರೂ ಅತಿ ಹೆಚ್ಚು ನೆನಪುಗಳು ಉಳಿಯುವ ಕಾಲವೂ ಕಣ್ಣು ಅತಿ ಸೂಕ್ಷ್ಮವಾಗಿ ಬಣ್ಣ ಕಾಣುವ ಕಾಲವೂ ಒಂದೇ ಆಗಿರುವುದರಿಂದ, ಹಿರಿಯರು ತಮ್ಮ ಯೌವನವನ್ನು ಹೇಳುವಾಗ ಬಣ್ಣಗಳು ಅಷ್ಟು ತುಂಬಿ ಬರುವುದನ್ನು ಬರಿಯ ಹಂಬಲವೆಂದು ಬದಿಗೆ ತಳ್ಳಬಾರದು. ಅಂದು ಅವರು ನಿಜವಾಗಿಯೂ ಹೆಚ್ಚು ಬಣ್ಣಗಳನ್ನು ಕಂಡಿದ್ದರು.

ನೆನಪು ತಾನೇ ಬಣ್ಣಕ್ಕೆ ಏನು ಮಾಡುತ್ತದೆ ಎಂಬುದು ಮುಂದಿನ ಮಾತು. ಪರಿಚಿತ ವಸ್ತುವಿಗೆ ಮನಸ್ಸು ಅಂಟಿಸುವ ಬಣ್ಣಕ್ಕೆ ‘ನೆನಪಿನ ಬಣ್ಣ’ ಎಂಬ ಹೆಸರು ಕೊಟ್ಟವರು ಹತ್ತೊಂಬತ್ತನೆಯ ಶತಮಾನದ ಶರೀರವಿಜ್ಞಾನಿ ಎವಾಲ್ಡ್ ಹೆರಿಂಗ್. ಅದರ ಬಲ ಎಷ್ಟೆಂಬುದನ್ನು 2006ರ ಒಂದು ಪ್ರಯೋಗ ತೋರಿಸಿತು. ಪರದೆಯ ಮೇಲಿನ ಬಾಳೆಹಣ್ಣಿನ ಚಿತ್ರದಿಂದ ಬಣ್ಣವನ್ನು ಪೂರ್ತಿ ತೆಗೆದು ಬೂದಿ ಮಾಡಿ ಎಂದು ಹೇಳಿದಾಗ ಜನ ಬೂದಿಯನ್ನು ದಾಟಿ ತುಸು ನೀಲಿಯ ಕಡೆಗೆ ಹೋಗಿ ನಿಲ್ಲಿಸಿದರು. ನಿಜವಾದ ಬೂದಿಯಲ್ಲಿದ್ದಾಗಲೂ ಆ ಹಣ್ಣು ಅವರಿಗೆ ಸ್ವಲ್ಪ ಹಳದಿಯಾಗಿಯೇ ಕಾಣುತ್ತಿತ್ತು. ಮತ್ತೆ ಮತ್ತೆ ನೋಡಿ ಗಟ್ಟಿಯಾದ ಬಣ್ಣ ನೆನಪಿನಲ್ಲಿ ಇನ್ನಷ್ಟು ತೀವ್ರವಾಗುತ್ತದೆ: ಹುಲ್ಲು ಇದ್ದದ್ದಕ್ಕಿಂತ ಹಸಿರು, ಆಕಾಶ ಇದ್ದದ್ದಕ್ಕಿಂತ ನೀಲಿ. ಒಂದೇ ಒಂದು ಸಲ ಕಂಡ ದೃಶ್ಯದ ಗತಿ ಬೇರೆ. ಅದು ಕಾಲ ಕಳೆದಂತೆ ತನ್ನ ಹೊಳಪನ್ನು ಕಳೆದುಕೊಳ್ಳುತ್ತದೆ, ಬಿಸಿಲಿಗೆ ಇಟ್ಟ ಬಟ್ಟೆ ಮಾಸುವಂತೆ ಮಾಸುತ್ತದೆ.

ಛಾಯಾಚಿತ್ರಗಳು ಇದರಲ್ಲಿ ಕೈಯಾಡಿಸುವುದನ್ನೂ ಮರೆಯಬಾರದು. 1960 ಮತ್ತು 1970ರ ದಶಕಗಳ ಬಣ್ಣದ ಪಟಗಳಲ್ಲಿ ಮೂರು ಬಣ್ಣದ್ರವ್ಯಗಳ ಪೈಕಿ ಹಸಿರುನೀಲಿ ದ್ರವ್ಯ ಕತ್ತಲೆಯಲ್ಲಿ ಇಟ್ಟರೂ ಬೇಗ ಕುಂದುತ್ತಿತ್ತು, ಆದ್ದರಿಂದ ಆಲ್ಬಮ್ಮಿನಲ್ಲೇ ಉಳಿದ ಪಟಗಳು ಕೆಂಪಿಗೆ ತಿರುಗಿದವು. ಆ ಕಾಲದಲ್ಲಿ ಬಾಲ್ಯ ಕಳೆದ ಎಷ್ಟೋ ಜನ ತಮ್ಮ ಬಾಲ್ಯವನ್ನು ಬೆಚ್ಚನೆಯ ಕೆಂಗಂದು ಬಣ್ಣದಲ್ಲಿ ನೆನೆಯುತ್ತಾರೆ; ಅದು ಅಂದಿನ ಬಿಸಿಲಿನ ಬಣ್ಣವೋ ಕಾಗದದ ಮೇಲಿನ ರಸಾಯನದ ಬಣ್ಣವೋ ಎಂದು ಅವರನ್ನು ಕೇಳಿದಾಗ ಹೆಚ್ಚಿನವರು ಬಹಳ ಹೊತ್ತು ಯೋಚಿಸುತ್ತಾರೆ. ಕಪ್ಪುಬಿಳುಪು ದೂರದರ್ಶನ ನೋಡಿ ಬೆಳೆದ ಹಿರಿಯರಲ್ಲಿ ಬಣ್ಣವಿಲ್ಲದ ಕನಸುಗಳ ವರದಿ ಇಂದಿನ ಯುವಕರಿಗಿಂತ ಹೆಚ್ಚೆಂಬುದೂ ಇದೇ ಬಗೆಯದು.

ಇಷ್ಟೆಲ್ಲ ತಿಳಿದ ಮೇಲೆ, ಕೆಂಪೆಂದರೆ ಯೌವನ, ಹಳದಿಯೆಂದರೆ ಬಾಲ್ಯದ ಸಂತಸ, ಬೂದಿಯೆಂದರೆ ಮುಪ್ಪು ಎಂದು ಕೋಷ್ಟಕ ಹಾಕಿ ಕೊಡುವ ಬಣ್ಣಶಾಸ್ತ್ರವನ್ನು ಒಪ್ಪಲು ನನಗೆ ಸಾಧ್ಯವಾಗುವುದಿಲ್ಲ. ಬಣ್ಣದ ಇಷ್ಟಾನಿಷ್ಟಗಳ ಬಗ್ಗೆ 2010ರಲ್ಲಿ ಪ್ರಕಟವಾದ ಒಂದು ಸಂಶೋಧನೆ ನನ್ನ ಅನುಭವಕ್ಕೆ ಹೆಚ್ಚು ಹತ್ತಿರ: ಒಬ್ಬರಿಗೆ ಒಂದು ಬಣ್ಣ ಎಷ್ಟು ಇಷ್ಟವೆಂಬುದನ್ನು, ಆ ಬಣ್ಣದ ಯಾವ ಯಾವ ವಸ್ತುಗಳು ಅವರಿಗೆ ಎಷ್ಟು ಇಷ್ಟವೆಂಬುದರಿಂದ ಬಹುಮಟ್ಟಿಗೆ ಊಹಿಸಬಹುದು. ಆಸ್ಪತ್ರೆಯ ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಮಗುವಿಗೆ ತಿಳಿಹಸಿರು ಪರದೆ ಮುಂದೆ ಜೀವನವಿಡೀ ಹಿಂಸೆಯಾಗಬಹುದು. ಅದೇ ತಿಳಿಹಸಿರು ಇನ್ನೊಬ್ಬರಿಗೆ ಅಜ್ಜಿಯ ಹೊದಿಕೆಯಾಗಿ ಆಸರೆಯಾಗಬಹುದು. ಬಣ್ಣದ ಅರ್ಥವನ್ನು ಆ ವ್ಯಕ್ತಿಯ ಕಥೆಯಲ್ಲಿ ಹುಡುಕಬೇಕು.

ಮನಸ್ಸಿನ ಸ್ಥಿತಿಗೂ ನೋಟಕ್ಕೂ ಇರುವ ನಂಟಿನಲ್ಲಿ ಮಾತ್ರ ಒಂದು ಸಾಮಾನ್ಯ ಸಂಗತಿ ಕಂಡುಬಂದಿದೆ. ಖಿನ್ನತೆಯಲ್ಲಿರುವವರು ಲೋಕವೆಲ್ಲ ಬೂದಿಯಾಗಿದೆ ಎನ್ನುವುದನ್ನು ಬರಿಯ ಮಾತಿನ ರೀತಿ ಎಂದು ತಿಳಿಯುತ್ತಿದ್ದೆವು. 2010ರಲ್ಲಿ ಜರ್ಮನಿಯ ಫ್ರೈಬುರ್ಗ್‌ನ ಸಂಶೋಧಕರು ಅಕ್ಷಿಪಟದ ವಿದ್ಯುತ್ ಸ್ಪಂದನವನ್ನೇ ಅಳೆದು, ಕಪ್ಪುಬಿಳುಪಿನ ಅಂತರಕ್ಕೆ ಅಂತಹವರ ಅಕ್ಷಿಪಟ ಕೊಡುವ ಉತ್ತರ ಕಡಿಮೆಯಾಗಿರುವುದನ್ನು ಕಂಡರು. ಹಾಗಾಗಿ ಯಾರಾದರೂ ‘ಆ ಎರಡು ವರ್ಷ ಏನೂ ಬಣ್ಣವೇ ಇರಲಿಲ್ಲ ಡಾಕ್ಟರೇ’ ಎಂದಾಗ ನಾನು ಅದನ್ನು ಅಕ್ಷರಶಃ ಕೇಳಿಸಿಕೊಳ್ಳುತ್ತೇನೆ.

ಹಿರಿಯರನ್ನು ನೋಡಿಕೊಳ್ಳುವವರಿಗೆ ಇಲ್ಲಿ ಕೆಲವು ಮಾತು ಹೇಳಲೇಬೇಕು. ‘ಅದು ಹಸಿರಲ್ಲ ಅಮ್ಮ, ನೀಲಿ’ ಎಂದು ಮಗಳು ತಾಯಿಯನ್ನು ನನ್ನ ಎದುರಿಗೇ ತಿದ್ದುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ತಿದ್ದುವ ಮೊದಲು ಕಣ್ಣು ತೋರಿಸಿ. ಬಣ್ಣದ ತಪ್ಪು ಹೆಚ್ಚಾದರೆ ಪೊರೆಯಿರಬಹುದು, ದೃಷ್ಟಿನರ ಹಾಳಾಗುವ ಗ್ಲಾಕೋಮಾ ಇರಬಹುದು, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟ ಬಾಧಿತವಾಗಿರಬಹುದು. ನೀಲಿ ಹಳದಿಗಳ ಗೊಂದಲ ಇವೆಲ್ಲದರಲ್ಲಿಯೂ ಬರುತ್ತದೆ. ಒಂದೇ ಕಣ್ಣಿನಲ್ಲಿ ಕೆಂಪು ಏಕಾಏಕಿ ತೊಳೆದಂತೆ ಪೇಲವವಾದರೆ ಅದು ದೃಷ್ಟಿನರದ ಉರಿಯೂತದ ಸೂಚನೆಯಾಗಬಹುದು, ತಡಮಾಡಬಾರದು. ಇದನ್ನು ಪರೀಕ್ಷಿಸಲು ಔಷಧದ ಶೀಶೆಯ ಕೆಂಪು ಮುಚ್ಚಳವನ್ನು ಒಂದೊಂದೇ ಕಣ್ಣಿನಿಂದ ನೋಡಿ ಹೋಲಿಸಲು ಹೇಳುತ್ತೇವೆ. ಇಷ್ಟು ಸರಳವಾದ ಪರೀಕ್ಷೆ ಎಷ್ಟೋ ಸಲ ದುಬಾರಿ ಯಂತ್ರಕ್ಕಿಂತ ಮೊದಲು ಸುಳಿವು ಕೊಟ್ಟಿದೆ. ಮರೆವಿನ ಕಾಯಿಲೆ ಖಚಿತವಾಗಿರುವವರಲ್ಲಿಯೂ ಬಣ್ಣದ ಅಂತರವನ್ನು ಹೆಚ್ಚಿಸುವುದು ಉಪಯೋಗಕ್ಕೆ ಬರುತ್ತದೆ: ಬಿಳಿಯ ಗೋಡೆಗೆ ಬಿಳಿಯ ಬಾಗಿಲಿದ್ದರೆ ಅವರು ದಾರಿ ತಪ್ಪುತ್ತಾರೆ, ಕೆಂಪು ಬಾಗಿಲಿದ್ದರೆ ಹುಡುಕಿಕೊಳ್ಳುತ್ತಾರೆ. ಆಲ್ಝೈಮರ್ ರೋಗಿಗಳಿಗೆ ಬಿಳಿಯ ತಟ್ಟೆ ಲೋಟಗಳ ಬದಲು ಗಾಢ ಬಣ್ಣದವುಗಳನ್ನು ಕೊಟ್ಟು ನೋಡಿದ, 2004ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ ಅವರು ತಿನ್ನುವ ಮತ್ತು ಕುಡಿಯುವ ಪ್ರಮಾಣ ಎದ್ದುಕಾಣುವಷ್ಟು ಹೆಚ್ಚಿತ್ತು.

ಕಣ್ಣೇ ಮಂದವಾಗಿ ಹೋದ ಮೇಲೂ ಬಣ್ಣಗಳು ಒಳಗಿನಿಂದ ಬರುವುದುಂಟು. ದೃಷ್ಟಿ ಬಹುಪಾಲು ಹೋಗಿರುವ ಕೆಲವರಿಗೆ ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಹೊಳೆಯುವ ಬಣ್ಣದ ವಿನ್ಯಾಸಗಳೂ ಬಣ್ಣಬಣ್ಣದ ಉಡುಪಿನ ಜನರೂ ಕಾಣಿಸುತ್ತಾರೆ. ಚಾರ್ಲ್ಸ್ ಬೊನೆ ಎಂಬ ತತ್ವಜ್ಞಾನಿ ತನ್ನ ಅಜ್ಜನಿಗೆ ಹೀಗಾದದ್ದನ್ನು 1760ರಲ್ಲಿ ದಾಖಲಿಸಿದ್ದರಿಂದ ಅದಕ್ಕೆ ಅವರ ಹೆಸರೇ ಇದೆ. ಹುಚ್ಚೆಂದು ತಿಳಿದಾರು ಎಂಬ ಭಯದಿಂದ ಹಿರಿಯರು ಇದನ್ನು ಬಾಯಿಬಿಡುವುದಿಲ್ಲ. ನಾನಾಗಿಯೇ ಕೇಳುತ್ತೇನೆ, ಕೇಳಿದ ಕೂಡಲೇ ಅವರ ಮುಖದಲ್ಲಿ ಬರುವ ನಿರಾಳತೆಯೇ ಅರ್ಧ ಚಿಕಿತ್ಸೆ.

ಪೊರೆಯ ಶಸ್ತ್ರಚಿಕಿತ್ಸೆಗೆ ಬರುವ ಎಲ್ಲರಿಗೂ ಈಗ ನಾನು ಒಂದು ಕೆಲಸ ಒಪ್ಪಿಸುತ್ತೇನೆ. ಮೊದಲ ಕಣ್ಣಿನ ಕಟ್ಟು ಬಿಚ್ಚಿದ ವಾರದೊಳಗೆ, ತಮಗೆ ಬೇಕಾದ ಒಂದು ಹಳೆಯ ವಸ್ತುವನ್ನು ಎದುರಿಗಿಟ್ಟುಕೊಂಡು ಎರಡೂ ಕಣ್ಣುಗಳಿಂದ ಬೇರೆ ಬೇರೆಯಾಗಿ ನೋಡಿ, ಕಂಡದ್ದನ್ನು ಮನೆಯವರ ಕೈಯಲ್ಲಿ ಬರೆಸಿಡಬೇಕು. ಎರಡನೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಹೋಲಿಸಲು ಹಳೆಯ ಕಣ್ಣು ಉಳಿದಿರುವುದಿಲ್ಲ, ಕೆಲವು ತಿಂಗಳಲ್ಲಿ ಮಿದುಳು ಹೊಸದನ್ನು ಸಹಜವೆಂದು ಒಪ್ಪಿಕೊಂಡಿರುತ್ತದೆ. ಈ ಅಭ್ಯಾಸ ಶುರುವಾದದ್ದು ಆ ಅಧ್ಯಾಪಕರಿಂದ. ಅವರು ಎರಡನೆಯ ಕಣ್ಣಿಗೆ ದಿನ ಗೊತ್ತುಮಾಡಿಕೊಳ್ಳಲು ಬಂದಾಗ ಐವತ್ತಕ್ಕೂ ಹೆಚ್ಚು ದಿನಚರಿಗಳನ್ನು ಒಂದೊಂದಾಗಿ ತೆರೆದು ನೋಡಿ ಮುಗಿಸಿದ್ದರು, ಪ್ರತಿಯೊಂದರ ಹೊರಗೆ ಒಂದು ಚೀಟಿ ಅಂಟಿಸಿ ಒಳಗಿನ ಶಾಯಿಯ ಬಣ್ಣವನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಕಪ್ಪು ಶುರುವಾದದ್ದು ತಂದೆ ತೀರಿಕೊಂಡ ವರ್ಷದಿಂದ ಎಂದು ಅವರು ಇಷ್ಟು ವರ್ಷ ತಿಳಿದಿದ್ದರು. ಪುಸ್ತಕಗಳು ಹೇಳಿದ್ದು ಬೇರೆ: ತಂದೆ ತೀರಿಕೊಂಡ ಮೇಲೂ ಎರಡು ವರ್ಷ ಅವರು ನೀಲಿಯಲ್ಲಿಯೇ ಬರೆದಿದ್ದರು. ಯಾಕೆ ಬದಲಾಯಿಸಿದರೆಂಬುದು ಆ ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲವಂತೆ. ಆ ವರ್ಷದ ಪುಸ್ತಕವನ್ನು ಓದಲು ಬೇರೆಯಾಗಿ ತೆಗೆದಿಟ್ಟಿದ್ದೇನೆ ಎಂದು ಹೇಳಿ, ಶಸ್ತ್ರಚಿಕಿತ್ಸೆಯ ದಿನಾಂಕವನ್ನು ಬರೆದುಕೊಂಡು ಹೋದರು.